ವಿಷ ಹೀರಿದ ಪಾಚಿಯನ್ನು ಏನು ಮಾಡುವುದು?

ನಿಂತ ನೀರಿನ ಮೇಲೆ ಹಸಿರು ಪದರ ಕಂಡರೆ ನಾವು ಮುಖ ಸಿಂಡರಿಸುತ್ತೇವೆ. ಪಾಚಿ ಕಟ್ಟಿದೆ, ನೀರು ಕೆಟ್ಟಿದೆ ಅಂತ ಹೇಳಿಬಿಡುತ್ತೇವೆ. ಅದೇ ಪಾಚಿಯನ್ನು ಬೇಕಂತಲೇ ಬೆಳೆಸಿ, ಕಾರ್ಖಾನೆಯಿಂದ ಬರುವ ವಿಷದ ನೀರನ್ನು ಅದರ ಮೇಲೆ ಹರಿಸಿ, ಆ ನೀರನ್ನು ಶುದ್ಧ ಮಾಡುವ ವಿಧಾನವೊಂದಿದೆ. ಅದಕ್ಕೆ ಫೈಕೋರೆಮೆಡಿಯೇಷನ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಫೈಕೋಸ್ ಅಂದರೆ ಕಡಲ ಪಾಚಿ.

ಈ ವಿಷಯ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಪಾಚಿ ವಿಷವನ್ನು ತಿಂದುಹಾಕುತ್ತದೆ." ಇದು ಅರ್ಧ ಸರಿ. ಫೀನಾಲ್, ಬಣ್ಣ, ಎಣ್ಣೆಯಂಥ ಇಂಗಾಲದಿಂದ ಆದ ವಿಷಗಳನ್ನು ಜೀವಿಗಳು ಒಡೆದು ಹಾಕಬಲ್ಲವು, ಕೊನೆಗೆ ಅವು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮುಗಿದುಹೋಗಬಹುದು. ಸೀಸ, ಕ್ಯಾಡ್ಮಿಯಂ, ಪಾದರಸ ಹಾಗಲ್ಲ. ಅವು ಮೂಲವಸ್ತುಗಳು. ಯಾವ ಜೀವಿಯೂ ಅವನ್ನು ಜೀರ್ಣಿಸಿಕೊಳ್ಳಲಾರದು. ಸೀಸ ನೀರಿನಲ್ಲಿದ್ದರೂ ಸೀಸವೇ, ಪಾಚಿಯ ಹೊಟ್ಟೆಯಲ್ಲಿದ್ದರೂ ಸೀಸವೇ. ಜಾಗ ಮಾತ್ರ ಬದಲಾಗಿರುತ್ತದೆ. ಈ ಒಂದು ವ್ಯತ್ಯಾಸ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ.

ಮೊದಲು ಪಾಚಿ ಎಷ್ಟು ಸಣ್ಣದು ಅಂತ ನೋಡೋಣ, ಏಕೆಂದರೆ ಅದರ ಶಕ್ತಿ ಇರುವುದೇ ಆ ಸಣ್ಣತನದಲ್ಲಿ. ಈ ಕೆಲಸಕ್ಕೆ ಜಾಸ್ತಿ ಬಳಸುವುದು ಕ್ಲೋರೆಲ್ಲಾ, ಸೀನೆಡೆಸ್ಮಸ್‌ನಂಥ ಹಸಿರು ಪಾಚಿಗಳನ್ನು. ಜೊತೆಗೆ ಸ್ಪಿರುಲಿನಾ ಕೂಡ ಇದೆ. ಅದು ನಿಜಕ್ಕೂ ಬ್ಯಾಕ್ಟೀರಿಯಾ ಕುಲದ್ದು, ಆದರೂ ಎಲ್ಲರೂ ಪಾಚಿ ಅಂತಲೇ ಕರೆಯುತ್ತಾರೆ. ಒಂದು ಕ್ಲೋರೆಲ್ಲಾ ಕೋಶದ ಅಗಲ ಸುಮಾರು 2ರಿಂದ 10 ಮೈಕ್ರೋಮೀಟರ್. ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲು ಅಂದುಕೊಳ್ಳಿ. ಈಗ ಒಂದು ಚಿಕ್ಕ ಲೆಕ್ಕ ಹಾಕೋಣ. 5 ಮೈಕ್ರೋಮೀಟರ್ ಅಗಲದ ಗುಂಡು ಕೋಶಗಳನ್ನು ತೆಗೆದುಕೊಂಡರೆ, ಒಂದು ಗ್ರಾಂ ಒಣ ಪಾಚಿಯಲ್ಲಿ ಸುಮಾರು 6000 ಕೋಟಿ ಕೋಶಗಳಿರುತ್ತವೆ. ಅವೆಲ್ಲದರ ಮೈಯನ್ನು ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ 5 ಚದರ ಮೀಟರ್ ಆಗುತ್ತದೆ. ಚಿಟಿಕೆಯಷ್ಟು ಹಸಿರು ಪುಡಿ, ಒಂದು ಸಣ್ಣ ಕೋಣೆಯ ನೆಲದಷ್ಟು ಮೈ. ನೀರಿನಲ್ಲಿ ಅಲ್ಲೊಂದು ಇಲ್ಲೊಂದು ತೇಲುವ ಲೋಹದ ಕಣವನ್ನು ಹಿಡಿಯಲು ಇಷ್ಟು ದೊಡ್ಡ ಬಲೆ ಬೇಕೇ ಬೇಕು.

ಆ ಬಲೆಗೆ ಲೋಹ ಅಂಟುವುದು ಹೇಗೆ? ಪಾಚಿಯ ಕೋಶಭಿತ್ತಿಯ ತುಂಬ ಕಾರ್ಬಾಕ್ಸಿಲ್, ಸಲ್ಫೇಟ್, ಫಾಸ್ಫೇಟ್‌ನಂಥ ಗುಂಪುಗಳಿವೆ. ನೀರಿನಲ್ಲಿ ಇವು ಋಣ ವಿದ್ಯುದಂಶ ಹೊತ್ತು ನಿಂತಿರುತ್ತವೆ. ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂ, ಸತು ಎಲ್ಲವೂ ಧನ ವಿದ್ಯುದಂಶದ ಅಯಾನುಗಳು. ಒಂದಕ್ಕೊಂದು ಎಳೆಯುತ್ತವೆ. ಅಲ್ಲಿ ಮೊದಲೇ ಕ್ಯಾಲ್ಸಿಯಂ, ಸೋಡಿಯಂ ಕೂತಿರುತ್ತವೆ. ಅವುಗಳ ಹಿಡಿತ ಸಡಿಲ. ಸೀಸದ ಹಿಡಿತ ಬಿಗಿ. ಹಾಗಾಗಿ ಸೀಸ ಬಂದು ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಗಡಸು ನೀರನ್ನು ಮೆದು ಮಾಡುವ ಯಂತ್ರದಲ್ಲಿ ಆಗುವುದೂ ಹೆಚ್ಚುಕಮ್ಮಿ ಇದೇ ಅದಲುಬದಲು. ಇದು ಬಹಳ ಬೇಗ ಆಗುವ ಕೆಲಸ. ಮೊದಲ ಕೆಲವು ನಿಮಿಷಗಳಲ್ಲೇ ದೊಡ್ಡ ಪಾಲು ಲೋಹ ಅಂಟಿಬಿಡುತ್ತದೆ.

ನನಗೆ ತುಂಬ ಅಚ್ಚರಿ ತಂದ ಸಂಗತಿ ಇದು: ಈ ಅಂಟುವ ಕೆಲಸಕ್ಕೆ ಪಾಚಿ ಬದುಕಿರಲೇಬೇಕು ಅಂತಿಲ್ಲ. ಸತ್ತು ಒಣಗಿದ ಪಾಚಿಯೂ ಲೋಹ ಹಿಡಿಯುತ್ತದೆ, ಎಷ್ಟೋ ಸಲ ಬದುಕಿದ್ದಕ್ಕಿಂತ ಚೆನ್ನಾಗಿಯೇ ಹಿಡಿಯುತ್ತದೆ. ಅದಕ್ಕೆ ಬೆಳಕು ಬೇಡ, ಗೊಬ್ಬರ ಬೇಡ, ವಿಷ ಜಾಸ್ತಿಯಾಗಿ ಸತ್ತೀತು ಅನ್ನುವ ಭಯವೂ ಇಲ್ಲ. ಈ ವಿಧಾನದಲ್ಲಿ ಕಂದು ಬಣ್ಣದ ಕಡಲ ಪಾಚಿಗಳು, ಅದರಲ್ಲೂ ಸಾರ್ಗಾಸಮ್, ಎಲ್ಲರಿಗಿಂತ ಮುಂದೆ. ಅವುಗಳ ಗೋಡೆಯಲ್ಲಿ ಆಲ್ಜಿನೇಟ್ ಅನ್ನುವ ಲೋಳೆ ಪದಾರ್ಥ ತುಂಬಿದೆ, ಅದರ ಸಕ್ಕರೆ ಸರಪಳಿಯ ಪ್ರತಿ ಕೊಂಡಿಯಲ್ಲೂ ಒಂದು ಕಾರ್ಬಾಕ್ಸಿಲ್ ಗುಂಪು ಇರುತ್ತದೆ. ಪ್ರಯೋಗಾಲಯದಲ್ಲಿ ಒಂದು ಗ್ರಾಂ ಒಣ ಸಾರ್ಗಾಸಮ್ 200 ಮಿಲಿಗ್ರಾಂಗೂ ಮಿಕ್ಕಿ ಸೀಸ ಹಿಡಿದದ್ದುಂಟು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬೋಹುಮಿಲ್ ವೊಲೆಸ್ಕಿ ಈ ವಿಷಯದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಅಮೆರಿಕದಲ್ಲಿ ಕ್ಲೋರೆಲ್ಲಾ ಕೋಶಗಳನ್ನು ಸಿಲಿಕಾ ಜೆಲ್‌ನಲ್ಲಿ ಹುದುಗಿಸಿ ಆಲ್ಗಾಸಾರ್ಬ್ ಅನ್ನುವ ಹರಳನ್ನೇ ತಯಾರಿಸಿದ್ದರು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಪಾದರಸ ಸೇರಿದ ಅಂತರ್ಜಲದ ಮೇಲೆ ಪರೀಕ್ಷಿಸಿಯೂ ನೋಡಿತು. ಆದರೂ ಇಂಥ ಪಾಚಿ ಹರಳುಗಳು ಎಲ್ಲೆಡೆ ಹರಡಲಿಲ್ಲ. ಇದೇ ಕೆಲಸ ಮಾಡುವ ಕೃತಕ ರಾಳಗಳು ಆಗಲೇ ಮಾರುಕಟ್ಟೆಯಲ್ಲಿದ್ದವು, ಅವುಗಳ ಗುಣಮಟ್ಟ ಪ್ರತಿ ಸಲವೂ ಒಂದೇ ಥರ ಇರುತ್ತಿತ್ತು. ಪಾಚಿಯದು ಋತುವಿಗೊಂದು ಗುಣ.

ಇಲ್ಲಿ ನೀರಿನ ಪಿಎಚ್ ಬಗ್ಗೆ, ಅಂದರೆ ಅದರ ಹುಳಿಯ ಅಳತೆಯ ಬಗ್ಗೆ (ಹುಳಿ ಹೆಚ್ಚಿದಷ್ಟೂ ಈ ಅಂಕಿ ಕಡಿಮೆ), ಹೇಳದೆ ಮುಂದೆ ಹೋಗುವಂತಿಲ್ಲ. ನೀರು ತುಂಬ ಹುಳಿಯಾಗಿದ್ದರೆ, ಅಂದರೆ ಆಮ್ಲ ಜಾಸ್ತಿ ಇದ್ದರೆ, ಹೈಡ್ರೋಜನ್ ಅಯಾನುಗಳೇ ಎಲ್ಲ ಜಾಗ ಹಿಡಿದುಬಿಡುತ್ತವೆ, ಲೋಹಕ್ಕೆ ಜಾಗ ಸಿಗುವುದಿಲ್ಲ. ಹೆಚ್ಚಿನ ಲೋಹಗಳಿಗೆ 4ರಿಂದ 6ರ ನಡುವಿನ ಪಿಎಚ್ ಒಪ್ಪುತ್ತದೆ. ಕ್ರೋಮಿಯಂ ಮಾತ್ರ ಉಲ್ಟಾ. ಲೋಹಕ್ಕೆ ಮೆರುಗು ಕೊಡುವಲ್ಲಿ ಕಾಣಸಿಗುವ ಅತಿ ವಿಷಕಾರಿ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಆಗಿ, ಋಣ ವಿದ್ಯುದಂಶ ಹೊತ್ತು ಓಡಾಡುತ್ತದೆ. ಪಿಎಚ್ 2ರ ಹತ್ತಿರ ಇಳಿದಾಗಲೇ ಅದು ಪಾಚಿಗೆ ಚೆನ್ನಾಗಿ ಸಿಗುವುದು. ಆ ಆಮ್ಲದ ನೀರಿನಲ್ಲಿ ಪಾಚಿಯ ಪದಾರ್ಥ ಕ್ರೋಮೇಟ್‌ಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಮೂರು ವೇಲೆನ್ಸಿಯ ಕ್ರೋಮಿಯಂ ಆಗಿ ಇಳಿಸುತ್ತದೆ. ಮೂರರದ್ದು ಎಷ್ಟೋ ಪಟ್ಟು ಕಡಿಮೆ ವಿಷ. ಇಲ್ಲಿಯೂ ಕ್ರೋಮಿಯಂ ಎಲ್ಲೂ ಹೋಗಿಲ್ಲ ನೋಡಿ, ವೇಷ ಬದಲಿಸಿದೆ ಅಷ್ಟೇ. ಮತ್ತೆ, ಒಂದೇ ನೀರಿನಲ್ಲಿ ಸೀಸವೂ ಕ್ರೋಮೇಟೂ ಇದ್ದರೆ ಎರಡನ್ನೂ ಒಂದೇ ತೊಟ್ಟಿಯಲ್ಲಿ ಹಿಡಿಯುವುದು ಎಷ್ಟು ಕಷ್ಟ ಅಂತ ಇದರಿಂದಲೇ ಗೊತ್ತಾಗುತ್ತದೆ. ಪ್ರಯೋಗಾಲಯದ ಒಂದು ಲೋಹದ ಶುದ್ಧ ದ್ರಾವಣಕ್ಕೂ ಕಾರ್ಖಾನೆಯ ಕಲಬೆರಕೆ ನೀರಿಗೂ ಅಜಗಜಾಂತರ.

ಬದುಕಿರುವ ಪಾಚಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಮೈಗೆ ಅಂಟಿದ ಲೋಹವನ್ನು ನಿಧಾನವಾಗಿ, ಗಂಟೆಗಳು ದಿನಗಳು ಹಿಡಿದು, ಒಳಗೆ ಎಳೆದುಕೊಳ್ಳುತ್ತದೆ. ಬೇಕಂತ ಅಲ್ಲ, ಮೋಸ ಹೋಗಿ. ಸತು, ಕ್ಯಾಲ್ಸಿಯಂ ಬರಲಿ ಅಂತ ತೆರೆದಿಟ್ಟ ಬಾಗಿಲಲ್ಲಿ ಕ್ಯಾಡ್ಮಿಯಂ ನುಗ್ಗುತ್ತದೆ. ಆರ್ಸೆನೇಟ್ ನೋಡಲು ಫಾಸ್ಫೇಟ್ ಥರವೇ ಇರುವುದರಿಂದ ಫಾಸ್ಫೇಟ್‌ನ ಬಾಗಿಲಲ್ಲಿ ಒಳಗೆ ಬರುತ್ತದೆ. (ಅದಕ್ಕೇ ನೀರಿನಲ್ಲಿ ಫಾಸ್ಫೇಟ್ ಧಾರಾಳವಾಗಿದ್ದರೆ ಪಾಚಿ ಆರ್ಸೆನಿಕ್ ಅನ್ನು ಕಡಿಮೆ ತೆಗೆದುಕೊಳ್ಳುತ್ತದೆ. ಪಾಚಿ ಚೆನ್ನಾಗಿ ಬೆಳೆಯಲಿ ಅಂತ ಗೊಬ್ಬರ ಸುರಿದರೆ ಆರ್ಸೆನಿಕ್ ನೀರಿನಲ್ಲೇ ಉಳಿದುಬಿಡಬಹುದು.) ಒಳಗೆ ಬಂದ ಲೋಹವನ್ನು ಪಾಚಿ ಸುಮ್ನೆ ಬಿಡುವುದಿಲ್ಲ. ಫೈಟೋಕೆಲಾಟಿನ್ ಅನ್ನುವ ಪುಟ್ಟ ಸರಪಳಿಗಳನ್ನು ಕೂಡಲೇ ತಯಾರಿಸುತ್ತದೆ. ಅವುಗಳಲ್ಲಿರುವ ಗಂಧಕ ಕ್ಯಾಡ್ಮಿಯಂ ಅನ್ನು ಗಟ್ಟಿಯಾಗಿ ಕಟ್ಟಿಹಾಕುತ್ತದೆ, ಆಮೇಲೆ ಆ ಗಂಟನ್ನು ಕೋಶದ ಒಳಚೀಲದಲ್ಲಿ ಬಚ್ಚಿಡುತ್ತದೆ. ಇದೆಲ್ಲ ನಮ್ಮ ನೀರು ಶುದ್ಧವಾಗಲಿ ಅಂತ ಅಲ್ಲ, ಅದರ ಪ್ರಾಣ ಉಳಿಯಲಿ ಅಂತ. ವಿಷ ಒಂದು ಮಟ್ಟ ಮೀರಿದರೆ ಈ ರಕ್ಷಣೆಯೂ ಸಾಲದೆ ಪಾಚಿ ಸಾಯುತ್ತದೆ. ಸತ್ತು ಕೋಶ ಒಡೆದರೆ ಒಳಗೆ ಬಚ್ಚಿಟ್ಟದ್ದೆಲ್ಲ ಮತ್ತೆ ನೀರಿಗೆ.

ಈಗ ಫೀನಾಲ್, ಬಣ್ಣಗಳ ಕಡೆ ಬರೋಣ. ಇಲ್ಲಿ ಪಾಚಿ ಒಬ್ಬಂಟಿಯಾಗಿ ಮಾಡುವುದು ಸ್ವಲ್ಪವೇ. ಒಕ್ರೋಮೋನಾಸ್ ಡಾನಿಕಾದಂಥ ಕೆಲವು ಜಾತಿಗಳು ಫೀನಾಲನ್ನೇ ಆಹಾರ ಮಾಡಿಕೊಳ್ಳಬಲ್ಲವು, ನಿಜ. ಆದರೆ ದೊಡ್ಡ ಕೆಲಸ ನಡೆಯುವುದು ಪಾಚಿ ಮತ್ತು ಬ್ಯಾಕ್ಟೀರಿಯಾ ಸೇರಿದಾಗ. ಬ್ಯಾಕ್ಟೀರಿಯಾ ವಿಷವನ್ನು ಒಡೆಯುತ್ತದೆ, ಅದಕ್ಕೆ ಆಮ್ಲಜನಕ ಬೇಕು. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು. ಒಂದು ಬಿಟ್ಟದ್ದು ಇನ್ನೊಂದಕ್ಕೆ ಊಟ. ಮಾಮೂಲಿ ಶುದ್ಧೀಕರಣ ಘಟಕದಲ್ಲಿ ಈ ಆಮ್ಲಜನಕಕ್ಕಾಗಿ ದೊಡ್ಡ ಬ್ಲೋವರ್‌ಗಳು ಹಗಲು ರಾತ್ರಿ ಗಾಳಿ ಊದುತ್ತಾ ಇರಬೇಕು, ಘಟಕದ ಒಟ್ಟು ಕರೆಂಟಿನಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಇದಕ್ಕೇ ಹೋಗುತ್ತದೆ. ಗಾಳಿ ಊದುವುದರಲ್ಲಿ ಇನ್ನೊಂದು ತೊಂದರೆಯೂ ಇದೆ, ಜನ ಇದನ್ನು ಗಮನಿಸುವುದು ಕಡಿಮೆ. ನೀರಿನಲ್ಲಿ ಬೆಂಜೀನ್‌ನಂಥ ಬೇಗ ಆವಿಯಾಗುವ ವಿಷ ಇದ್ದರೆ ಆ ಗುಳ್ಳೆಗಳ ಜೊತೆ ಅದು ಗಾಳಿಗೆ ಹಾರಿಹೋಗುತ್ತದೆ. ನೀರು ಶುದ್ಧವಾಯಿತು ಅಂತ ವರದಿ ಬರುತ್ತದೆ, ವಿಷ ಪಕ್ಕದವರ ಮೂಗಿಗೆ ಹೋಗಿರುತ್ತದೆ. ಪಾಚಿ ಕೊಡುವ ಆಮ್ಲಜನಕ ನೀರಿನ ಒಳಗೇ ಹುಟ್ಟುವುದರಿಂದ ಈ ಅಪಾಯ ತುಂಬ ಕಡಿಮೆ.

ಈ ಜೋಡಿಯನ್ನು ಸರಿಯಾಗಿ ಅರ್ಥಮಾಡಿಕೊಂಡು ಕೊಳದ ರೂಪ ಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಆಸ್ವಾಲ್ಡ್, 1950ರ ದಶಕದಲ್ಲಿ. ಅವರ ಮನಸ್ಸಿನಲ್ಲಿದ್ದದ್ದು ಊರಿನ ಚರಂಡಿ ನೀರು. ಆದರೆ ಅವರು ರೂಪಿಸಿದ ಕೊಳದ ಆಕಾರವೇ ಇವತ್ತಿಗೂ ಕಾರ್ಖಾನೆಯ ನೀರಿಗೂ ನಡೆದುಬಂದಿದೆ. ಓಟದ ಪಥದ ಹಾಗೆ ಸುತ್ತಿ ಬರುವ ಕಾಲುವೆ, ಬರೀ 20ರಿಂದ 40 ಸೆಂಟಿಮೀಟರ್ ಆಳ, ನೀರು ನಿಲ್ಲದಂತೆ ಮೆಲ್ಲಗೆ ತಳ್ಳುವ ಒಂದು ರೆಕ್ಕೆ ಚಕ್ರ. ಆಳ ಅಷ್ಟು ಕಡಿಮೆ ಯಾಕೆ ಅಂದರೆ, ಪಾಚಿ ದಟ್ಟವಾದ ನೀರಿನಲ್ಲಿ ಬೆಳಕು ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಈ ವಿಧಾನಕ್ಕೆ ವಿಶಾಲವಾದ ಜಾಗ ಬೇಕು. ಜಾಗ ಇಲ್ಲದ ಕಾರ್ಖಾನೆಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರಿನಲ್ಲಿ ಇದೇ ಬೆಳಕಿನದು ದೊಡ್ಡ ತಲೆನೋವು. ನೀರೇ ಕಡುಗೆಂಪಾಗಿಯೋ ಕಪ್ಪಾಗಿಯೋ ಇದ್ದರೆ ಪಾಚಿಗೆ ಬಿಸಿಲು ಎಲ್ಲಿಂದ ಬರಬೇಕು? ಜೊತೆಗೆ ಆಜೋ ಬಣ್ಣಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಈ ಬಣ್ಣಗಳ ನಡುವೆ ಎರಡು ಸಾರಜನಕ ಪರಮಾಣುಗಳ ಒಂದು ಸೇತುವೆ ಇದೆ, ಬಣ್ಣ ಕಾಣುವುದು ಅದರಿಂದಲೇ. ಕ್ಲೋರೆಲ್ಲಾದಂಥ ಪಾಚಿಗಳು ಆ ಸೇತುವೆಯನ್ನು ಕತ್ತರಿಸಬಲ್ಲವು. ಕತ್ತರಿಸಿದ ತಕ್ಷಣ ನೀರು ತಿಳಿಯಾಗುತ್ತದೆ. ಆದರೆ ಉಳಿದ ತುಂಡುಗಳು ಆರೊಮ್ಯಾಟಿಕ್ ಅಮೀನ್‌ಗಳು, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅವನ್ನೂ ಒಡೆಯುವ ತನಕ ಕೆಲಸ ಮುಗಿದಿಲ್ಲ. ಬಣ್ಣ ಹೋಯಿತು ಅಂದಮಾತ್ರಕ್ಕೆ ವಿಷ ಹೋಯಿತು ಅಂತ ನಂಬಬೇಡಿ, ಅಮೀನ್‌ಗಳನ್ನು ಬೇರೆಯಾಗಿ ಅಳೆದ ಫಲಿತಾಂಶ ಕೇಳಿ.

ಕೊಳ ನಡೆಸುವವರ ದಿನಚರಿಯಲ್ಲಿ ಇನ್ನೂ ಎಷ್ಟೋ ಕಿರಿಕಿರಿಗಳಿವೆ. ಹಗಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಹೀರಿ ನೀರಿನ ಪಿಎಚ್ 9, 10ರ ತನಕ ಏರುತ್ತದೆ. ಒಂದು ಕಿಲೋ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಡೈಆಕ್ಸೈಡ್ ಬೇಕು, ಅಂದರೆ ಈ ಏರಿಕೆ ಸಹಜವೇ. ಅದರಿಂದ ಕೆಲವು ಲೋಹಗಳು ತಾವಾಗಿಯೇ ಹರಳುಗಟ್ಟಿ ತಳಕ್ಕೆ ಕೂರುತ್ತವೆ, ಅದೊಂದು ಲಾಭ. ರಾತ್ರಿ ಎಲ್ಲ ತಿರುಗಾಮುರುಗಾ. ಪಾಚಿಯೇ ಆಮ್ಲಜನಕ ಉಸಿರಾಡುತ್ತದೆ, ಪಿಎಚ್ ಇಳಿಯುತ್ತದೆ, ಕೂತ ಲೋಹದಲ್ಲಿ ಸ್ವಲ್ಪ ಮತ್ತೆ ಕರಗಲೂಬಹುದು. ಇನ್ನು ರೋಟಿಫರ್, ಡಾಫ್ನಿಯಾದಂಥ ಸಣ್ಣ ಪ್ರಾಣಿಗಳು ಕೊಳಕ್ಕೆ ಸೇರಿಕೊಂಡರೆ ತಿಂಗಳುಗಟ್ಟಲೆ ಬೆಳೆಸಿದ ಪಾಚಿಯನ್ನು ಕೆಲವೇ ದಿನಗಳಲ್ಲಿ ಮೇಯ್ದು ಖಾಲಿ ಮಾಡುತ್ತವೆ.

ಹಾಗಾದರೆ ಇದನ್ನು ಎಲ್ಲಿ ಬಳಸಬೇಕು? ನೀರಿನಲ್ಲಿ ಲೋಹ ತುಂಬ ಜಾಸ್ತಿ ಇದ್ದರೆ ಸುಣ್ಣ ಹಾಕಿ ತಳಕ್ಕೆ ಇಳಿಸುವ ಹಳೆಯ ವಿಧಾನವೇ ಸಲೀಸು, ಅಲ್ಲಿ ಪಾಚಿಯನ್ನು ಕೊಲ್ಲಲು ಹೋಗಬಾರದು. ಸುಣ್ಣ ಸೋಲುವುದು ಕೊನೆಯ ಹಂತದಲ್ಲಿ. ಲೀಟರಿಗೆ ಕೆಲವೇ ಮಿಲಿಗ್ರಾಂ ಉಳಿದಾಗ ಅದನ್ನು ಹಿಡಿಯುವುದು ಸುಣ್ಣಕ್ಕೆ ಕಷ್ಟ, ಬೇರೆ ವಿಧಾನಗಳಲ್ಲಿ ದುಬಾರಿ. ಆದರೆ ಆ ಕೆಲವು ಮಿಲಿಗ್ರಾಂ ಏನೂ ಅಲ್ಲ ಅನ್ನುವಂತಿಲ್ಲ. ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 3 ಮೈಕ್ರೋಗ್ರಾಂ, ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ, ಮರೆಯಬೇಡಿ. ಪಾಚಿಯ ಜಾಗ ಇಲ್ಲಿ, ಕೊನೆಯ ಕಾವಲಿನಲ್ಲಿ. ಇದು ನನ್ನ ಖಚಿತ ಅಭಿಪ್ರಾಯ.

ಇನ್ನು ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಸಾವಿರ ಲೀಟರ್ ನೀರಿದೆ, ಪ್ರತಿ ಲೀಟರಿಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಅಂದುಕೊಳ್ಳೋಣ. ಒಟ್ಟು 5 ಗ್ರಾಂ. ಒಂದು ಗ್ರಾಂ ಒಣ ಪಾಚಿ 50 ಮಿಲಿಗ್ರಾಂ ಹಿಡಿಯುತ್ತದೆ ಅಂತ ಇಟ್ಟುಕೊಂಡರೆ 100 ಗ್ರಾಂ ಪಾಚಿ ಸಾಕು. (ನಿಜದಲ್ಲಿ ಜಾಸ್ತಿಯೇ ಬೇಕು, ನೀರಿನಲ್ಲಿ ಲೋಹ ಕಡಿಮೆಯಾಗುತ್ತಾ ಬಂದ ಹಾಗೆ ಪಾಚಿ ಹಿಡಿಯುವುದೂ ಕಡಿಮೆಯಾಗುತ್ತದೆ.) ಸಾವಿರ ಲೀಟರ್‌ನಲ್ಲಿ ಹರಡಿದ್ದ ವಿಷ ಒಂದು ಬಟ್ಟಲಿಗೆ ಇಳಿಯಿತು. ಇದೇ ಇಡೀ ವಿಧಾನದ ಗೆಲುವು. ಅಲ್ಲಿಗೆ ಆ ಬಟ್ಟಲಿನಲ್ಲಿರುವುದು ನೂರಕ್ಕೆ ಐದರಷ್ಟು ಕ್ಯಾಡ್ಮಿಯಂ ತುಂಬಿದ ಪುಡಿ. ಮೊದಲಿದ್ದ ನೀರಿಗಿಂತ ಅದು ಎಷ್ಟೋ ಪಟ್ಟು ಅಪಾಯಕಾರಿ.

ಬದುಕಿರುವ ಪಾಚಿಯ ಕೊಳದಲ್ಲಿ ಅದನ್ನು ಹೊರತೆಗೆಯುವುದೇ ಒಂದು ಸಾಹಸ. ಕೋಶಗಳು ಅಷ್ಟು ಸಣ್ಣ, ತೂಕ ನೀರಿನಷ್ಟೇ, ಎಲ್ಲವೂ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತವೆ. ಸೋಸಲು ಹೋದರೆ ಜರಡಿ ಕಟ್ಟಿಕೊಳ್ಳುತ್ತದೆ. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂನಷ್ಟು ಪಾಚಿ ಇರುತ್ತದೆ, ಉಳಿದದ್ದೆಲ್ಲ ನೀರು. ಪಾಚಿ ಬೆಳೆಸುವ ಖರ್ಚಿನಲ್ಲಿ ನೂರಕ್ಕೆ 20ರಿಂದ 30ರಷ್ಟು ಈ ಕೊಯ್ಲಿಗೇ ಹೋಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಲೆಕ್ಕ. ಅದಕ್ಕೇ ಕೆಲವರು ಪಾಚಿಯನ್ನು ತೇಲಲು ಬಿಡದೆ ಬಲೆಯ ಮೇಲೆ, ಬಟ್ಟೆಯ ಮೇಲೆ ಹಾಸಿನಂತೆ ಬೆಳೆಸುತ್ತಾರೆ. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ರೂಪಿಸಿದ ಪಾಚಿ ಹಾಸಿನ ವಿಧಾನ ಇಂಥದ್ದೇ. ಇಳಿಜಾರಿನ ಮೇಲೆ ನೀರು ಹರಿಯುತ್ತದೆ, ಪಾಚಿ ಬಲೆಗೆ ಕಚ್ಚಿಕೊಂಡಿರುತ್ತದೆ, ಬೆಳೆದಾಗ ಕೆರೆದು ತೆಗೆದರೆ ಆಯಿತು.

ಕೆರೆದು ತೆಗೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನಿನ ಮಿನಮಾಟವನ್ನು ನೆನೆಯಬೇಕು. ಅಲ್ಲಿನ ಚಿಸ್ಸೊ ಕಂಪನಿಯ ಕಾರ್ಖಾನೆ ಮೀಥೈಲ್ ಪಾದರಸವನ್ನು ಕೊಲ್ಲಿಗೆ ಬಿಡುತ್ತಿತ್ತು. ಆ ಪಾದರಸದಿಂದ ಜನರಿಗೆ ಬಂದ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ, ಆ ವಿಷದ ನೀರು ಬಿಡುವುದು ನಿಂತದ್ದು 1968ರಲ್ಲಿ. ಪಾದರಸ ಮನುಷ್ಯರ ತನಕ ಬಂದದ್ದು ಮೀನು, ಚಿಪ್ಪುಜೀವಿಗಳ ಮೂಲಕ. ಸಮುದ್ರವಾಗಲಿ ಕೆರೆಯಾಗಲಿ, ಇಂಥ ಸರಪಳಿಯಲ್ಲಿ ಪಾದರಸದ ಪ್ರಮಾಣ ಅತಿ ಹೆಚ್ಚು ಜಿಗಿಯುವುದು ಮೊದಲ ಮೆಟ್ಟಿಲಿನಲ್ಲೇ, ನೀರಿನಿಂದ ತೇಲುವ ಪಾಚಿಗೆ. ಅಲ್ಲಿ ಅದು ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಆಗುತ್ತದೆ. ತೊಟ್ಟಿಯಲ್ಲಿ ನಮಗೆ ನೆರವಾಗುವ ಗುಣ, ತೆರೆದ ನೀರಿನಲ್ಲಿ ವಿಷವನ್ನು ಊಟದ ತಟ್ಟೆಗೆ ತಂದ ಗುಣ, ಎರಡೂ ಒಂದೇ ಅಲ್ವಾ? ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಪಾಚಿಯಿಂದ ಕಲುಷಿತ ಕೆರೆ ಶುದ್ಧವಾಗುತ್ತಿದೆ ಅಂತ ಯಾರಾದರೂ ಹೇಳಿದರೆ, ಅದನ್ನು ಕೊಯ್ಯುವವರು ಯಾರು ಅಂತ ಮೊದಲು ಕೇಳಬೇಕು. ಮೀನು ಕೊಯ್ಯುತ್ತಿದ್ದರೆ ಅದು ಶುದ್ಧೀಕರಣ ಅಲ್ಲ.

ಕೊಯ್ದದ್ದನ್ನು ಗೊಬ್ಬರ ಮಾಡುವಂತಿಲ್ಲ, ದನಕ್ಕೆ ಮೇವಾಗಿ ಹಾಕುವಂತಿಲ್ಲ. ಲೋಹ ಹೀರಿದ ಪಾಚಿಗೆ ಹೊಲದಲ್ಲಿ ಜಾಗವಿಲ್ಲ. ಅದರಿಂದ ಎಣ್ಣೆ, ಅನಿಲ ತೆಗೆಯುತ್ತೇವೆ ಅನ್ನುವವರಿದ್ದಾರೆ. ತೆಗೆಯಬಹುದು, ಆದರೆ ಹೆಚ್ಚಿನ ಲೋಹ ಉಳಿಕೆಯಲ್ಲಿ, ಬೂದಿಯಲ್ಲಿ ಕೂತೇ ಇರುತ್ತದೆ. ಪಾದರಸವಾದರೆ ಸುಡುವಾಗ ಹೊಗೆಯ ಜೊತೆ ಹಾರಿಹೋಗುತ್ತದೆ, ಅದು ಇನ್ನೂ ಕೆಟ್ಟದು. ಸುಮ್ನೆ ಎಲ್ಲೋ ಹೂತರೂ ಆಗದು. ಕೆಳಗೆ ನೀರು ಇಳಿಯದಂತೆ ಕಟ್ಟಿದ, ಅಪಾಯಕಾರಿ ಕಸಕ್ಕೆಂದೇ ಮೀಸಲಾದ ಗುಂಡಿಯಲ್ಲಿ ಇಡಬೇಕು.

ಇದಕ್ಕಿಂತ ಒಳ್ಳೆಯ ದಾರಿ ಲೋಹವನ್ನೇ ವಾಪಸ್ ತೆಗೆಯುವುದು. ಪಾಚಿ ಲೋಹವನ್ನು ಹಿಡಿದದ್ದು ಅದಲುಬದಲಿನಿಂದ ಅಂತ ಆಗಲೇ ನೋಡಿದೆವು. ಹಾಗಾದರೆ ತೆಳು ಆಮ್ಲದಲ್ಲಿ ತೊಳೆದರೆ ಹೈಡ್ರೋಜನ್ ಬಂದು ಲೋಹವನ್ನು ಎಬ್ಬಿಸಬೇಕು, ಹಾಗೇ ಆಗುತ್ತದೆ. ಒಣ ಪಾಚಿಯ ಹರಳುಗಳನ್ನು ಕೊಳವೆಯಲ್ಲಿ ತುಂಬಿ, ವಿಷದ ನೀರು ಹರಿಸಿ, ತುಂಬಿದ ಮೇಲೆ ಆಮ್ಲದಲ್ಲಿ ತೊಳೆದು, ಅದೇ ಹರಳನ್ನು ಮತ್ತೆ ಮತ್ತೆ ಬಳಸಬಹುದು. ಪ್ರತಿ ಸಲ ಹಿಡಿಯುವ ಶಕ್ತಿ ಸ್ವಲ್ಪ ಕುಗ್ಗುತ್ತದೆ. ಬಿಸಿ ಆಮ್ಲದ ಬುಗ್ಗೆಗಳಲ್ಲಿ ಬದುಕುವ ಗಾಲ್ಡೀರಿಯಾ ಸಲ್ಫ್ಯೂರೇರಿಯಾ ಅನ್ನುವ ಪಾಚಿಯಂತೂ ಆಮ್ಲದ ದ್ರಾವಣದಿಂದ ಚಿನ್ನ, ಪಲ್ಲಾಡಿಯಂ ಹಿಡಿಯುತ್ತದೆ ಅಂತ ತೋರಿಸಿದ್ದಾರೆ. ಆ ಲೋಹಗಳ ಬೆಲೆಯೇ ಖರ್ಚನ್ನು ತೀರಿಸೀತು.

ಈ ದಾರಿ ಸಲೀಸಾಗಿ ನಡೆಯುವುದು ಒಂದೇ ಲೋಹ ಇರುವ ನೀರಿನಲ್ಲಿ. ಉದಾಹರಣೆಗೆ ನಿಕ್ಕಲ್ ಲೇಪನ ಮಾಡುವ ಕಡೆ ವಸ್ತುಗಳನ್ನು ಅದ್ದಿ ತೆಗೆದ ಮೇಲೆ ತೊಳೆಯುವ ನೀರು. ಆ ನೀರನ್ನು ಬೇರೆ ಚರಂಡಿಗೆ ಸೇರುವ ಮೊದಲೇ ಪಾಚಿಯ ಕೊಳವೆಗೆ ತಿರುಗಿಸಿದರೆ, ಲೋಹ ಅಲ್ಲೇ ನಿಲ್ಲುತ್ತದೆ, ತೊಳೆದ ನೀರು ಮತ್ತೆ ತೊಳೆಯಲು ಸಿಗುತ್ತದೆ. ಕೊಳವೆ ತುಂಬಿದಾಗ ಆಮ್ಲದಲ್ಲಿ ಇಳಿಸಿದ ಗಟ್ಟಿ ನಿಕ್ಕಲ್ ದ್ರಾವಣವನ್ನು ಹದ ಮಾಡಿ, ಅದು ಹೊರಟು ಬಂದಿದ್ದ ಲೇಪನದ ತೊಟ್ಟಿಗೇ ಸುರಿಯಬಹುದು.